ತಾಳಪ್ರಸ್ತಾರವೂ ಗಣಕಯಂತ್ರದ ನೃತ್ಯಸಂಯೋಜನೆಯೂ

ಗಣಕಯಂತ್ರದಿಂದ ನೃತ್ಯವನ್ನು ಸಂಯೋಜಿಸುವ ಯತ್ನ ಇಂದುನಿನ್ನೆಯದಲ್ಲ. 1964ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಜೀನ್ ಬೀಮನ್ ಎಂಬ ನರ್ತಕಿ ಚಲನೆ, ದಿಕ್ಕು, ಕಾಲ ಇವುಗಳ ಪಟ್ಟಿಗಳನ್ನು ಯಂತ್ರಕ್ಕೆ ಒದಗಿಸಿ, ಅದು ಯದೃಚ್ಛೆಯಿಂದ ಆಯ್ದುಕೊಟ್ಟ ಕ್ರಮವನ್ನು ನೃತ್ಯಕ್ಕೆ ಅಳವಡಿಸಿದರು. ಮುಂದೆ ಮರ್ಸ್ ಕನಿಂಗ್‌ಹ್ಯಾಮ್ ಅವರು ತೆರೆಯ ಮೇಲೆ ಮಾನವಾಕೃತಿಗಳನ್ನು ಚಲಿಸಿ ನೋಡುವ ‘ಲೈಫ್‌ಫಾರ್ಮ್ಸ್’ ಸಾಧನವನ್ನು ಬಳಸಿ 1991ರಲ್ಲಿ ‘ಟ್ರ್ಯಾಕರ್ಸ್’ ಎಂಬ ಕೃತಿಯನ್ನು ರಚಿಸಿದರು. ಉಜಿರೆಯಿಂದ ಚಾರ್ಮಾಡಿ ಘಟ್ಟದತ್ತ ಸಾಗುವ ದಾರಿಯಲ್ಲಿನ ಕಕ್ಕಿಂಜೆಯಂತಹ ಊರುಗಳಿಗೆ ಚಿರಪರಿಚಿತವಾದ ತೆಂಕುತಿಟ್ಟಿನ ಯಕ್ಷಗಾನಕ್ಕೆ ಈ ವಿಧಾನವನ್ನು ಅನ್ವಯಿಸಿದರೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಅಲ್ಗಾರಿದಮ್ ಎಂದರೆ ನಿಶ್ಚಿತ ಹಂತಗಳಲ್ಲಿ ಫಲವನ್ನು ಸಾಧಿಸುವ ಕ್ರಮವಿಧಿ. ಇಂತಹ ವಿಧಿ ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ಎರಡು ಕರಣಗಳು ಸೇರಿ ಮಾತೃಕೆಯಾಗುವುದನ್ನೂ ಹಲವು ಕರಣಗಳು ಸೇರಿ ಅಂಗಹಾರವಾಗುವುದನ್ನೂ ನಾಟ್ಯಶಾಸ್ತ್ರ ಹೇಳುತ್ತದೆ. ಹದಿಮೂರನೆಯ ಶತಮಾನದ ಶಾರ್ಙ್ಗದೇವನ ‘ಸಂಗೀತರತ್ನಾಕರ’ವು ತಾಳಾಂಗಗಳ ಸಕಲ ವಿನ್ಯಾಸಗಳನ್ನೂ ಕ್ರಮವಾಗಿ ಬರೆದು ತೋರಿಸುವ ಪ್ರಸ್ತಾರವಿಧಿಯನ್ನು ನಿರೂಪಿಸುತ್ತದೆ. ಯಂತ್ರವು ಮಾಡುವುದೂ ಒಂದು ಬಗೆಯ ಪ್ರಸ್ತಾರವೇ.

ಉದಾಹರಣೆಗೆ ಏಳಕ್ಷರದ ತ್ರಿವುಡೆ ತಾಳವನ್ನು ತೆಗೆದುಕೊಳ್ಳೋಣ. ಎರಡಕ್ಷರದ ಒಂದು ಹೆಜ್ಜೆ, ಮೂರಕ್ಷರದ ಒಂದು ಹೆಜ್ಜೆ ಮಾತ್ರ ನಮ್ಮಲ್ಲಿವೆಯೆಂದು ಭಾವಿಸಿದರೆ, ಒಂದು ಆವರ್ತವನ್ನು ತುಂಬುವ ಕ್ರಮಗಳು ಮೂರು: 2+2+3, 2+3+2, 3+2+2. ನಾಲ್ಕು ಆವರ್ತಗಳಿಗೆ ಇವು 81 ಆಗುತ್ತವೆ. ಹೆಜ್ಜೆಯು ಆವರ್ತದ ಎಲ್ಲೆಯನ್ನು ದಾಟಬಹುದೆಂದು ಒಪ್ಪಿದರೆ ಸಂಖ್ಯೆ 1081ಕ್ಕೆ ಏರುತ್ತದೆ. ಎರಡೇ ಹೆಜ್ಜೆಗಳಿಂದ ಇಷ್ಟು ವೈವಿಧ್ಯವಾದರೆ, ನುರಿತ ಕಲಾವಿದನೊಬ್ಬನ ಹೆಜ್ಜೆಗಳ ಸಂಪತ್ತಿನಿಂದ ಹುಟ್ಟುವ ವಿನ್ಯಾಸಗಳು ಎಣಿಕೆಗೆ ಸುಲಭವಾಗಿ ನಿಲುಕವು.

ಆದುದರಿಂದ ವಿನ್ಯಾಸಗಳನ್ನು ಹುಟ್ಟಿಸುವುದು ಕಷ್ಟವಲ್ಲ. ಬೇಡವಾದುವನ್ನು ಬಿಡುವುದೇ ಕಷ್ಟ. ಅಭಿಮನ್ಯು, ಬಭ್ರುವಾಹನರಂತಹ ಪುಂಡುವೇಷಗಳಿಗೆ ಸಾಲುಸಾಲಾದ ಧೀಂಗಿಣ ಶೋಭಿಸುತ್ತದೆ. ತಾಳದ ಲೆಕ್ಕವನ್ನಷ್ಟೇ ಬಲ್ಲ ಯಂತ್ರವು ಅದನ್ನೇ ಧರ್ಮರಾಯನಿಗೂ ವಿಧಿಸಿಬಿಟ್ಟೀತು! ಲೆಕ್ಕದಲ್ಲಿ ದೋಷವಿರದು, ಆದರೆ ಪ್ರೇಕ್ಷಕರು ಒಪ್ಪರು. ಬಣ್ಣದ ವೇಷದ ಗಂಭೀರವಾದ ಹೆಜ್ಜೆ, ಸ್ತ್ರೀವೇಷದ ಲಾಸ್ಯ ಇವುಗಳಿಗೂ ತಮ್ಮದೇ ಆದ ಔಚಿತ್ಯವುಂಟು. ತಾಳದ ನಿಯಮದ ಮೇಲೆ ವೇಷದ ನಿಯಮವು ಎರಡನೆಯ ಸ್ತರವಾಗಿ ನಿಲ್ಲುತ್ತದೆ.

ಮೂರನೆಯ ಸ್ತರ ಸಂದರ್ಭದ್ದು. ಯಕ್ಷಗಾನದ ಕುಣಿತವು ಬಹುಮಟ್ಟಿಗೆ ರಂಗದಲ್ಲಿಯೇ ನಿರ್ಣಯವಾಗುತ್ತದೆ. ಭಾಗವತನು ಪದ್ಯವನ್ನು ಎಷ್ಟು ಬೆಳೆಸುವನು, ಬಿಡ್ತಿಗೆಯನ್ನು ಎಲ್ಲಿ ಕೊಡುವನು, ಮುಕ್ತಾಯಕ್ಕೆ ಯಾವಾಗ ತರುವನು ಎಂಬುದನ್ನು ವೇಷಧಾರಿ ಗಮನಿಸುತ್ತಾನೆ. ಚೆಂಡೆ ಮದ್ದಳೆಗಳವರು ಅವನ ಪಾದವನ್ನು ಗಮನಿಸುತ್ತಾರೆ. ಈ ಪರಸ್ಪರ ಸಂವಾದವನ್ನು ಮೊದಲೇ ಬರೆದಿಟ್ಟ ಕ್ರಮಕ್ಕೆ ಕಟ್ಟಿಹಾಕಿದರೆ ಉಳಿಯುವುದು ಕವಾಯತು, ಆಟವಲ್ಲ.

ಹಾಗೆಂದು ಯಂತ್ರವು ನಿರುಪಯೋಗಿಯೆಂದು ತಿಳಿಯಬೇಕಾಗಿಲ್ಲ. ಅದು ರಚಿಸಿದ ಒಂದು ವಿನ್ಯಾಸವನ್ನು ಹಿರಿಯ ಕಲಾವಿದರ ಮುಂದಿಟ್ಟು, “ಇದೇಕೆ ಸಲ್ಲದು?” ಎಂದು ಕೇಳಬಹುದು. ಅವರು ಕೊಡುವ ಉತ್ತರದಲ್ಲಿ, ಈವರೆಗೆ ದೇಹದಲ್ಲಿ ಮಾತ್ರ ನೆಲೆಸಿದ್ದ ನಿಯಮವೊಂದು ಮಾತಿನ ರೂಪವನ್ನು ತಾಳುತ್ತದೆ. ಅದನ್ನು ವಿಧಿಯಲ್ಲಿ ಸೇರಿಸಿ ಮತ್ತೆ ಪ್ರಯೋಗಿಸಬೇಕು; ಯಂತ್ರ ಮತ್ತೆ ಎಡವಿದಲ್ಲಿ ಮತ್ತೆ ಕೇಳಬೇಕು. ಹೀಗೆ ಯಂತ್ರದ ಪ್ರತಿಯೊಂದು ತಪ್ಪೂ ಬರೆಯದೆ ಉಳಿದ ಲಕ್ಷಣವೊಂದನ್ನು ಬೆಳಕಿಗೆ ತರಬಲ್ಲುದು. ಗುರುವಿನೊಡನೆ ಹೆಜ್ಜೆಯ ವಿವೇಕವೂ ಅಳಿಯುವ ಈ ಕಲೆಯಲ್ಲಿ ಅಂತಹ ಸಂಗ್ರಹಕ್ಕೆ ವಿಳಂಬ ಸಲ್ಲದು. ಹೊಸ ಕುಣಿತವನ್ನು ಸೃಷ್ಟಿಸುವುದಕ್ಕಿಂತ ಮೊದಲು, ಇರುವ ಕುಣಿತವನ್ನು ನಾವೆಷ್ಟು ಅರಿತಿದ್ದೇವೆಂಬುದನ್ನು ಪರೀಕ್ಷಿಸುವ ಒರೆಗಲ್ಲಾಗಿ ಗಣಕಯಂತ್ರವನ್ನು ಬಳಸುವುದು ಯುಕ್ತ.