ಹಾಜರಿ ಪುಸ್ತಕದಲ್ಲಿ ಇಲ್ಲದ ಹಬ್ಬ

ರಜೆ, ಹಬ್ಬ ಎಂಬ ಎರಡು ಮಾತುಗಳನ್ನು ಜೊತೆಜೊತೆಯಾಗಿ ಹೇಳುವುದು ವಾಡಿಕೆ. ಆದರೆ ರಜೆಯನ್ನು ಸರಕಾರ ಕೊಡುತ್ತದೆ. ಹಬ್ಬವನ್ನು ಹಿರಿಯರು ಕೊಟ್ಟು ಹೋಗುತ್ತಾರೆ. ರಜೆಯ ದಿನ ಕೆಲಸ ನಿಲ್ಲುತ್ತದೆ. ಹಬ್ಬದ ದಿನ ಕೆಲಸ ಇಮ್ಮಡಿಯಾಗುತ್ತದೆ ಎಂಬುದನ್ನು ನಮ್ಮ ತಾಯಂದಿರೇ ಬಲ್ಲರು. ಈ ಅಂತರದ ಪೂರ್ಣ ಅರ್ಥ ನಮ್ಮ ಮನಸ್ಸಿಗೆ ನಾಟಿದ್ದು ಕೆಲಕಾಲದ ಹಿಂದೆ, ಜನವರಿ ತಿಂಗಳ ಒಂದು ಮಧ್ಯಾಹ್ನ, ಭಾವೀ ಶಿಕ್ಷಕರ ತರಗತಿಯೊಂದರಲ್ಲಿ.

ನಮ್ಮ ಧರ್ಮಕೇಂದ್ರದ ಸಮೀಪದ ಬಿ.ಇಡಿ. ಕಾಲೇಜಿನ ಉಪನ್ಯಾಸಕಿಯೊಬ್ಬರು ನಮ್ಮನ್ನು ಅತಿಥಿಯಾಗಿ ಕರೆದಿದ್ದರು. ಶಾಲೆಗಳಲ್ಲಿ ಬೋಧನಾಭ್ಯಾಸ ನಡೆಸಿ ಮರಳಿದ್ದ ಪ್ರಶಿಕ್ಷಣಾರ್ಥಿಗಳು ತಮ್ಮ ತಮ್ಮ ಯೋಜನಾಕಾರ್ಯ ಎಲ್ಲಿಗೆ ಬಂದಿದೆ ಎಂಬುದನ್ನು ಮೊದಲು ತಿಳಿಸಬೇಕು. ಚಹಾದ ಬಳಿಕ ಪ್ರತಿಯೊಬ್ಬರೂ ತಮಗೆ ಅತ್ಯಂತ ಪ್ರಿಯವಾದ ಹಬ್ಬದ ಕುರಿತು ನಾಲ್ಕು ಮಾತು ಆಡಬೇಕು. ಈ ಎರಡಕ್ಕೂ ಏನು ಸಂಬಂಧ ಎಂದು ನಾವು ಕೇಳಿದೆವು. “ಸಂಬಂಧವೇನೂ ಇಲ್ಲ ಫಾದರ್, ವರದಿ ಕೇಳಿ ಕೇಳಿ ಎಲ್ಲರಿಗೂ ತೂಕಡಿಕೆ ಬರುತ್ತದೆ. ಸ್ವಲ್ಪ ಹಗುರಾಗಲಿ ಎಂದು ಇಟ್ಟಿದ್ದೇವೆ” ಎಂದು ಅವರು ನಕ್ಕರು.

ಶಿಕ್ಷಣಶಾಸ್ತ್ರದಲ್ಲಿ ಯೋಜನಾಕಾರ್ಯಕ್ಕೆ ಒಂದು ಇತಿಹಾಸವಿದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ, ಜಾನ್ ಡ್ಯೂಯಿಯವರ ಅನುಯಾಯಿ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ಪದ್ಧತಿಯನ್ನು ಕುರಿತು ಒಂದು ಪ್ರಬಂಧ ಬರೆದರು. ಗುರಿಯೊಂದನ್ನು ತನ್ನದಾಗಿಸಿಕೊಂಡು, ಇತರರೊಡನೆ ಬಾಳುತ್ತಾ, ಮನಃಪೂರ್ವಕವಾಗಿ ಮಾಡುವ ಕಾರ್ಯವೇ ನಿಜವಾದ ಕಲಿಕೆ ಎಂಬುದು ಅದರ ತಿರುಳು. ನಮ್ಮ ದೇಶದಲ್ಲಿಯೂ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸುವುದನ್ನೇ ತನ್ನ ಮೊದಲ ಮಾರ್ಗದರ್ಶಿ ತತ್ತ್ವವಾಗಿಸಿತು. 2014ರ ನಿಯಮಾವಳಿಯು ಬಿ.ಇಡಿ. ಶಿಕ್ಷಣವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಶಾಲೆಯಲ್ಲಿ ಕನಿಷ್ಠ 20 ವಾರಗಳ ತರಬೇತಿಯನ್ನು ಕಡ್ಡಾಯಗೊಳಿಸಿದ್ದರ ಹಿಂದೆಯೂ ಇದೇ ಆಶಯವಿತ್ತು.

ವರದಿಗಳು ಆರಂಭವಾದವು. ಒಬ್ಬರು ಶಾಲೆಯ ಕೈತೋಟವನ್ನು ವಿಜ್ಞಾನ ಪಾಠಕ್ಕೆ ಬಳಸಿಕೊಂಡಿದ್ದರು. ಇನ್ನೊಬ್ಬರು ಮಕ್ಕಳಿಂದ ಊರಿನ ಬಾವಿಗಳ ನಕ್ಷೆ ಬರೆಯಿಸಿದ್ದರು. ಮೂರನೆಯವಳು ನಮ್ಮ ನೆರೆಯ ಧರ್ಮಕೇಂದ್ರದ ಕಥೊಲಿಕ ಕುಟುಂಬದ ಮಗಳು. ಸರಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರ ಏಳನೆಯ ತರಗತಿಯಲ್ಲಿ ಮಕ್ಕಳ ಗೈರುಹಾಜರಿ ಅವಳ ಕ್ರಿಯಾ ಸಂಶೋಧನೆಯ ವಿಷಯ. ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆಂದು ಕರಾವಳಿಗೆ ಬಂದ ಕುಟುಂಬಗಳ ನಾಲ್ವರು ಮಕ್ಕಳು ದೀರ್ಘಕಾಲ ಶಾಲೆಗೆ ಬಂದಿರಲಿಲ್ಲ. ದಿನಾಂಕಗಳ ಪಟ್ಟಿ ಅಚ್ಚುಕಟ್ಟಾಗಿತ್ತು. ಕಾರಣ ಎಂಬ ಅಂಕಣದಲ್ಲಿ ನಾಲ್ವರಿಗೂ ಒಂದೇ ಮಾತು: ಪೋಷಕರ ನಿರಾಸಕ್ತಿ. ವರದಿ ಬಹುತೇಕ ಮುಗಿದಿದೆ, ಮುಂದಿನ ವಾರ ಒಪ್ಪಿಸುತ್ತೇನೆ ಎಂದು ಹೇಳಿ ಅವಳು ಕುಳಿತಳು. ನಾವೂ ತಲೆದೂಗಿದೆವು.

ಚಹಾದ ಬಳಿಕ ಹಬ್ಬಗಳ ಸರದಿ. ಅದೇ ಹುಡುಗಿ ಮೊಂತಿ ಹಬ್ಬದ ಕುರಿತು ಮಾತನಾಡಿದಳು. ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನ್ಮದಿನ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ ಹೂವು ತಂದು ಅರ್ಪಿಸುವುದು, ಹಬ್ಬದಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತರುವುದು, ಬಾಳೆಯೆಲೆಯಲ್ಲಿ ಸಸ್ಯಾಹಾರದ ಊಟ. “ನಮ್ಮ ಮಾವ ದುಬಾಯಿಯಲ್ಲಿದ್ದಾಗ ಅಜ್ಜಿ ತೆನೆಯ ಕಾಳುಗಳನ್ನು ಕಾಗದದಲ್ಲಿ ಸುತ್ತಿ, ಲಕೋಟೆಯಲ್ಲಿಟ್ಟು ಕಳುಹಿಸುತ್ತಿದ್ದರು. ಅದು ತಲಪಿದ ಸುದ್ದಿ ಬರುವವರೆಗೆ ಅಜ್ಜಿಗೆ ಹಬ್ಬ ಮುಗಿದಂತೆ ಅನ್ನಿಸುತ್ತಿರಲಿಲ್ಲ” ಎಂದಳು. ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ದುಡಿಯಹೋದವರನ್ನು ಕಂಡ ನಮ್ಮ ಮನೆಗಳಿಗೆ ಈ ಪದ್ಧತಿ ಹೊಸದಲ್ಲ.

ಅನಂತರ ಎದ್ದು ನಿಂತವನು ವಿಜಯಪುರ ಜಿಲ್ಲೆಯಿಂದ ಬಂದ ಒಬ್ಬ ತರುಣ. ಅಲ್ಲಿಯವರೆಗೆ ಹೆಚ್ಚು ಮಾತನಾಡಿರಲಿಲ್ಲ. “ನಮ್ಮ ಕಡೆ ಎಳ್ಳ ಅಮಾಸಿ ಅಂದ್ರ ಮನಿಯೊಳಗ ಯಾರೂ ಇರಂಗಿಲ್ಲರಿ, ಎಲ್ಲಾರೂ ಹೊಲಕ್ಕ ಹೋಗ್ತಾರ” ಎಂದು ಆರಂಭಿಸಿದ. ಮಾರ್ಗಶಿರದ ಅಮಾವಾಸ್ಯೆ ಅದು. ಡಿಸೆಂಬರಿನಲ್ಲೋ ಜನವರಿಯಲ್ಲೋ ಬರುತ್ತದೆ. ಸಜ್ಜೆಯ ರೊಟ್ಟಿ, ಶೇಂಗಾ ಹೋಳಿಗೆ, ಎಣ್ಣೆಗಾಯಿಗಳನ್ನು ಬುತ್ತಿ ಕಟ್ಟಿಕೊಂಡು, ಬಂಡಿಯಲ್ಲಿ ಹೊಲಕ್ಕೆ ಹೋಗಿ, ಪೈರು ನಿಂತ ಭೂಮಿತಾಯಿಗೆ ಚರಗ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುವ ದಿನ. “ದುಡಿಯಾಕ ಎಲ್ಲಿಗೆ ಹೋಗಿದ್ರೂ ಅವತ್ತು ಊರಿಗೆ ಬರ್ತಾರ್ರಿ. ನಮ್ಮಪ್ಪನೂ ಹಂಗ ಬರ್ತಿದ್ದ” ಎಂದ.

ಆಗ ಮುಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು. “ಈ ಸಲ ಆ ಅಮಾವಾಸ್ಯೆ ಯಾವತ್ತು ಬಂದಿತ್ತು?” ಅವನು ದಿನಾಂಕ ಹೇಳಿದ. ಹುಡುಗಿ ತನ್ನ ಕಡತ ಬಿಚ್ಚಿ, ಬೆರಳಿಟ್ಟು ನೋಡಿದಳು. ಮುಖ ಸಣ್ಣದಾಯಿತು. ಎದ್ದು ನಿಂತು, “ಮೇಡಂ, ನಾನು ಬರೆದ ಕಾರಣ ಸರಿಯಿರಲಿಕ್ಕಿಲ್ಲ. ಮೂವರು ಮಕ್ಕಳ ದಿನಗಳು ಇದಕ್ಕೆ ಹೊಂದುತ್ತವೆ. ನಾಲ್ಕನೆಯವಳದ್ದು ಹೊಂದುವುದಿಲ್ಲ. ನಾನು ಯಾರ ಮನೆಗೂ ಹೋಗಿಯೇ ಇಲ್ಲ” ಎಂದಳು. ಆ ವರದಿಗೆ ಅಂಕಗಳಿದ್ದವು; ಒಪ್ಪಿಸಲು ಒಂದು ವಾರ ಮಾತ್ರವಿತ್ತು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಉಪನ್ಯಾಸಕಿ ಒಂದು ಕ್ಷಣ ಯೋಚಿಸಿ, “ಬರೆದದ್ದನ್ನು ಅಳಿಸಬೇಡ. ಅದು ಅಲ್ಲಿಯೇ ಇರಲಿ. ಮನೆಗಳಿಗೆ ಹೋಗಿ ಬಾ. ಕಂಡದ್ದನ್ನು ಅದರ ಕೆಳಗೆ ಬರೆ” ಎಂದರು. ಇಷ್ಟು ವಿವೇಕದ ಮಾತನ್ನು ನಾವು ಆ ದಿನ ಬೇರೆಲ್ಲಿಯೂ ಕೇಳಲಿಲ್ಲ. ಅತಿಥಿಭಾಷಣ ಮಾಡಿದ ನಮ್ಮಿಂದಲೂ.

ಎರಡು ವಾರಗಳ ನಂತರ ಆ ಉಪನ್ಯಾಸಕಿಯೇ ಉಳಿದುದನ್ನು ತಿಳಿಸಿದರು. ಹುಡುಗಿ ಆ ತರುಣನನ್ನೂ ಜೊತೆಗೆ ಕರೆದುಕೊಂಡು ತಗಡಿನ ಶೆಡ್ಡುಗಳಿಗೆ ಹೋಗಿದ್ದಳು. ಮೂವರು ಮಕ್ಕಳ ತಂದೆತಾಯಿಗಳು ಕಿರುಪರೀಕ್ಷೆ ಮುಗಿಯಲೆಂದು ಎರಡು ದಿನ ಕಾದು, ಬಳಿಕವಷ್ಟೇ ರಾತ್ರಿ ಬಸ್ಸು ಹಿಡಿದಿದ್ದರು. ನಿರಾಸಕ್ತಿ ಎಂದು ಬರೆದ ಜಾಗದಲ್ಲಿ ಇದ್ದದ್ದು ಇಷ್ಟು ಆಸಕ್ತಿ! ನಾಲ್ಕನೆಯ ಮಗು ಹಬ್ಬಕ್ಕೂ ಹೋಗಿರಲಿಲ್ಲ. ತಾಯಿ ಕಟ್ಟಡದ ಕೆಲಸಕ್ಕೆ ಹೋದಾಗ ಎಳೆಯ ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇಲ್ಲದುದರಿಂದ ಅವಳು ಶೆಡ್ಡಿನಲ್ಲೇ ಉಳಿದಿದ್ದಳು. ಯೋಜನಾಕಾರ್ಯ ನಿಜವಾಗಿ ಆರಂಭವಾದದ್ದು ಅಲ್ಲಿ. ಅಂಗನವಾಡಿಯನ್ನು ವಿಚಾರಿಸುವುದು, ಮುಖ್ಯೋಪಾಧ್ಯಾಯರೊಡನೆ ಮಾತನಾಡುವುದು, ತಾಯಿಯನ್ನು ಒಪ್ಪಿಸುವುದು, ಇವೆಲ್ಲ ಇನ್ನೂ ಬಾಕಿ ಇದ್ದವು.

ಇಲ್ಲಿ ನಾವು ಒಂದು ವಿಷಯವನ್ನು ನಿವೇದಿಸಬೇಕು. ಯುವ ಗುರುವಾಗಿದ್ದಾಗ ಮಲೆನಾಡಿನ ತೋಟಗಳ ನಡುವಿನ ಶಾಲೆಯೊಂದರ ಹೊಣೆ ನಮ್ಮ ಮೇಲಿತ್ತು. ಬಹುದಿನ ಬಾರದಿದ್ದ ಬಾಲಕನೊಬ್ಬನನ್ನು ಅವನ ತಂದೆ ಕರೆತಂದಾಗ, ನಾವು ಇತರರ ಎದುರಿನಲ್ಲೇ ಆ ಕೂಲಿಕಾರನಿಗೆ ಶಿಕ್ಷಣದ ಮಹತ್ತ್ವವನ್ನು ಉಪದೇಶಿಸಿದೆವು. ಆತ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಎಲ್ಲವನ್ನೂ ಕೇಳಿಸಿಕೊಂಡ. ಮರುವಾರದಿಂದ ಆ ಬಾಲಕ ಬರಲೇ ಇಲ್ಲ. ಏಕೆ ಬರಲಿಲ್ಲ ಎಂದು ಕೇಳಲು ನಾವು ಹೋಗಲಿಲ್ಲ. ತತ್ತ್ವಶಾಸ್ತ್ರದಲ್ಲಿ ಕಾರಣ ಮತ್ತು ಕಾರ್ಯಗಳ ಸಂಬಂಧವನ್ನು ವರ್ಷಗಟ್ಟಲೆ ಓದಿದ್ದ ನಮಗೆ ಒಬ್ಬ ಬಾಲಕನ ಕಾರಣ ಗೊತ್ತಾಗಲಿಲ್ಲ.

ಸಂತ ಅಗಸ್ಟೀನರು 389ರ ಸುಮಾರಿಗೆ ತಮ್ಮ ಮಗ ಅದೆಯೋದಾತನೊಡನೆ ನಡೆಸಿದ ಸಂವಾದದ ರೂಪದಲ್ಲಿ ಗುರುವನ್ನು ಕುರಿತು ಒಂದು ಗ್ರಂಥ ರಚಿಸಿದರು. ಪದಗಳು ತಾವಾಗಿಯೇ ಏನನ್ನೂ ಕಲಿಸಲಾರವು, ಪದ ಸೂಚಿಸುವ ವಸ್ತುವನ್ನು ಕಂಡವನಿಗಷ್ಟೇ ಪದ ಅರ್ಥವಾಗುತ್ತದೆ ಎಂದು ಅವರು ಅಲ್ಲಿ ವಾದಿಸುತ್ತಾರೆ. ನಿರಾಸಕ್ತಿ ಎಂಬುದು ಅಂಥದೇ ಒಂದು ಪದ. ಅದನ್ನು ಬರೆದವಳೂ, ಅದಕ್ಕೆ ತಲೆದೂಗಿದ ನಾವೂ ಶೆಡ್ಡಿನ ಬಾಗಿಲನ್ನು ಕಂಡಿರಲಿಲ್ಲ. ಇಂಗ್ಲಿಷಿನ ಸ್ಕೂಲ್ ಎಂಬ ಪದದ ಮೂಲ ಗ್ರೀಕ್ ಭಾಷೆಯ ಸ್ಕೋಲೆ. ಅದರ ಅರ್ಥ ಬಿಡುವು. ಒಬ್ಬರು ಇನ್ನೊಬ್ಬರ ಮಾತನ್ನು ಕೇಳಲು ಬಿಡುವು ಮಾಡಿಕೊಂಡಲ್ಲಿ ಶಾಲೆ ಹುಟ್ಟುತ್ತದೆ. ಹಗುರಾಗಲೆಂದು ಇಟ್ಟ ಅರ್ಧ ಗಂಟೆಯ ಹಬ್ಬದ ಮಾತಿನಲ್ಲಿ ಆ ತರಗತಿ ನಿಜವಾದ ಶಾಲೆಯಾಯಿತು.

ಪ್ರಿಯ ಓದುಗರೇ, ಮೊಂತಿ ಹಬ್ಬಕ್ಕೆಂದು ನಮ್ಮ ಮಕ್ಕಳು ಶಾಲೆ ತಪ್ಪಿಸಿದರೆ ಅದನ್ನು ನಾವು ನಿರಾಸಕ್ತಿ ಎಂದು ಕರೆಯುವುದಿಲ್ಲ, ಭಕ್ತಿ ಎನ್ನುತ್ತೇವೆ. ಪರವೂರಿನಲ್ಲಿ ದುಡಿಯುವ ಮಗನಿಗೆ ತೆನೆಯ ಕಾಳು ಕಳುಹಿಸಿದ ಮನೆಗಳು ನಮ್ಮವು. ಹೊಲದ ಹಬ್ಬಕ್ಕಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಹೋಗುವವರ ಮನಸ್ಸು ನಮಗಲ್ಲದೆ ಇನ್ನಾರಿಗೆ ತಿಳಿಯಬೇಕು? ಇಂದು ರಾತ್ರಿ ಊಟದ ಹೊತ್ತಿಗೆ ನಿಮ್ಮ ಮಕ್ಕಳನ್ನು ಕೇಳಿರಿ: ನಿನ್ನ ತರಗತಿಯಲ್ಲಿ ಪಕ್ಕದಲ್ಲಿ ಕೂರುವವರ ಮನೆಯ ಹಬ್ಬ ಯಾವುದು? ಕ್ರಿಸ್ಮಸ್ಸಿನ ಕುಸ್ವಾರದ ತಟ್ಟೆ ನೆರೆಮನೆಗಳಿಗೆಲ್ಲ ಹೋಗುತ್ತದೆ. ಬೀದಿಯ ತುದಿಯಲ್ಲಿ ಏಳುತ್ತಿರುವ ಕಟ್ಟಡದ ಪಕ್ಕದ ಶೆಡ್ಡಿನವರೆಗೆ ಅದು ಹೋಗಿದೆಯೇ? ಹೋದಾಗ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡ ಹುಡುಗಿಯೊಬ್ಬಳು ಬಾಗಿಲಲ್ಲಿ ಕಂಡರೆ, ತಟ್ಟೆ ಕೊಟ್ಟು ಮರಳಬೇಡಿರಿ. ಅವಳು ಯಾವ ತರಗತಿ ಎಂದು ಕೇಳಿರಿ.