ಮಳೆಗೆ ಮೊದಲೇ ಬರುವ ವಸಂತ

ಪಂಚಾಂಗದ ಲೆಕ್ಕದಲ್ಲಿ ವಸಂತ ಋತುವು ಚೈತ್ರ, ವೈಶಾಖ ಮಾಸಗಳಿಗೆ ಸೇರಿದ್ದು. ಆದರೆ ಹುಬ್ಬಳ್ಳಿ-ಧಾರವಾಡಗಳ ಸುತ್ತಲಿನ ಹೊಲಗಳಲ್ಲಿ ಅದರ ಮೊದಲ ಗುರುತುಗಳು ಜನವರಿಯ ಕೊನೆಗೆ, ಇಲ್ಲವೆ ಫೆಬ್ರವರಿಯ ಆರಂಭಕ್ಕೇ ಕಾಣತೊಡಗುತ್ತವೆ.

ಶೀತದೇಶಗಳಲ್ಲಿ ವಸಂತವೆಂದರೆ ಹಿಮ ಕರಗಿ ನೆಲ ಹಸಿಯಾಗುವ ಕಾಲ. ನಮ್ಮಲ್ಲಿ ಅದು ನೆಲ ಒಣಗುವ ಕಾಲ. ಎಳ್ಳಮಾವಾಸ್ಯೆಯಂದು ಚರಗ ಚೆಲ್ಲುವಾಗ ಹಸುರಾಗಿದ್ದ ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ಒಂದೆರಡು ತಿಂಗಳಲ್ಲಿ ಹಳದಿಗೆ ತಿರುಗುತ್ತವೆ. ಎರೆಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆಯೇ ಇವು ಬದುಕತಕ್ಕ ಬೆಳೆಗಳು. ಆ ತೇವ ತೀರುತ್ತ ಬಂದಂತೆ ಮಣ್ಣು ಕುಗ್ಗಿ ಬಿರಿಯುತ್ತದೆ; ಕೆಲವೆಡೆ ಬಿರುಕಿನೊಳಗೆ ಕೈಯನ್ನೇ ತೂರಿಸಬಹುದು. ಇದೇ ವಾರಗಳಲ್ಲಿ ಬದುವಿನ ಮೇಲಿನ ಹೊಂಗೆಯ ಮರವು ಎಲೆಗಳನ್ನೆಲ್ಲ ಉದುರಿಸಿ, ಕೆಲವು ದಿನ ಬರಿದಾಗಿ ನಿಂತು, ಬಳಿಕ ಮಿರುಗುವ ತಳಿರನ್ನು ತಳೆಯುತ್ತದೆ. ಮುಂಗಾರಿಗೆ ಇನ್ನೂ ಮೂರು-ನಾಲ್ಕು ತಿಂಗಳು ಇರುವಾಗ ಈ ಮರಕ್ಕೆ ಇಷ್ಟು ಧೈರ್ಯ ಎಲ್ಲಿಂದ ಬಂತು?

ಉತ್ತರವು ಉದುರಿದ ಎಲೆಗಳಲ್ಲಿಯೇ ಇದೆ. ಮರವು ಹೀರಿದ ನೀರಿನ ಬಹುಪಾಲು ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಆವಿಯಾಗಿ ಹೋಗುತ್ತದೆ. ಎಲೆಗಳು ಉದುರಿದೊಡನೆ ಈ ವೆಚ್ಚ ನಿಲ್ಲುತ್ತದೆ. ಜೋಳದ ಬೇರಿಗೆ ಎಟುಕದ ಆಳದಿಂದ ಮರದ ಬೇರುಗಳು ತರುವ ನೀರು ಕಾಂಡದಲ್ಲಿ ತುಂಬಿಕೊಳ್ಳುತ್ತದೆ, ಮೊಗ್ಗುಗಳು ಉಬ್ಬುತ್ತವೆ. ಆದುದರಿಂದ ತಳಿರಿಗಿಂತ ಮೊದಲು ಉದುರಿದ ಎಲೆಯನ್ನೇ ವಸಂತದ ಗುರುತೆಂದು ಎಣಿಸುವುದು ಯುಕ್ತ.

ಈ ಅವಸರದಿಂದ ಮರಕ್ಕೆ ಲಾಭವೂ ಉಂಟು. ಎಲೆ ತಿನ್ನುವ ಕೀಟಗಳು ಹೆಚ್ಚುವುದು ಮಳೆ ಬಿದ್ದ ಮೇಲೆ. ನೀಲಗಿರಿಯ ತಪ್ಪಲಿನ ಮುದುಮಲೈ ಕಾಡಿನಲ್ಲಿ ಕೆ. ಎಸ್. ಮುರಳಿ ಮತ್ತು ಆರ್. ಸುಕುಮಾರ್ ಅವರು ನಡೆಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಣಗಾಲದಲ್ಲಿಯೇ ಚಿಗುರುವ ಮರಗಳ ಎಲೆಗಳಿಗೆ ಮಳೆಗಾಲದಲ್ಲಿ ಚಿಗುರುವವುಗಳಿಗಿಂತ ಕೀಟಗಳ ಕಾಟ ಕಡಿಮೆಯೆಂದು ಕಂಡುಬಂದಿತು.

ರೈತನ ಕಣ್ಣು ಮಾತ್ರ ಹೊಂಗೆಗಿಂತ ಹೆಚ್ಚಾಗಿ ಮಾವಿನ ಮೇಲಿರುತ್ತದೆ. ಧಾರವಾಡದ ಪಶ್ಚಿಮಕ್ಕೆ, ಕೆಲಗೇರಿಯ ಕಡೆಗೆ ಹೋದರೆ ಆಪೂಸಿನ ತೋಟಗಳುಂಟು. ಅಲ್ಲಿ ರೆಂಬೆಯ ತುದಿಯ ಮೊಗ್ಗನ್ನು ಗಮನಿಸಿರಿ. ಎಲೆಯಾಗಬೇಕೋ ಹೂವಾಗಬೇಕೋ ಎಂಬುದು ಆ ಮೊಗ್ಗಿನಲ್ಲಿ ಮೊದಲೇ ನಿಶ್ಚಯವಾಗಿರುವುದಿಲ್ಲ. ಅದು ಒಡೆಯುವ ಹೊತ್ತಿಗೆ ರಾತ್ರಿಗಳು ತಂಪಾಗಿದ್ದರೆ ಹೂಗೊಂಚಲು ಹೊರಡುತ್ತದೆ. ಬೆಚ್ಚಗಿದ್ದರೆ ಬರಿಯ ಎಲೆಚಿಗುರು. ಎಲೆಚಿಗುರು ಕಣ್ಣಿಗೆ ಅಂದವೇ ಸರಿ, ಆದರೆ ಆ ರೆಂಬೆಯಿಂದ ಈ ವರ್ಷ ಹಣ್ಣಿನ ಆಸೆ ಇಲ್ಲ! ಹುಬ್ಬಳ್ಳಿ-ಧಾರವಾಡದ ಜನ ಚಳಿ ಹೋಗಲೆಂದು ಹಂಬಲಿಸುವಾಗ ಮಾವು ಬೆಳೆದವನು ಇನ್ನೂ ನಾಲ್ಕು ರಾತ್ರಿ ಚಳಿ ಇರಲೆಂದು ಬಯಸುವುದು ಇದಕ್ಕಾಗಿಯೇ.

ಹೂ ಬಂದ ಮಾತ್ರಕ್ಕೆ ಅವನ ಚಿಂತೆ ತೀರಲಿಲ್ಲ. ಗೊಂಚಲೊಂದರಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿರುತ್ತವೆ. ಅವುಗಳಲ್ಲಿ ಬಹಳಷ್ಟು ಬರಿಯ ಗಂಡುಹೂಗಳು. ಕೊನೆಗೆ ಉಳಿಯುವ ಕಾಯಿ ಒಂದೆರಡು. ಮೋಡ, ಮಂಜು ಕವಿದರೆ ಗೊಂಚಲಿನ ಮೇಲೆ ಬೂದಿರೋಗ ಹಬ್ಬುತ್ತದೆ. ಜಿಗಿಹುಳುಗಳು ರಸ ಹೀರಿ ಅಂಟುದ್ರವವನ್ನು ಸುರಿಸುತ್ತವೆ. ಎಲೆಯನ್ನು ಮುಟ್ಟಿದಾಗ ಬೆರಳಿಗೆ ಅಂಟಿದರೆ ಅವು ಬಂದಿವೆಯೆಂದೇ ತಿಳಿಯಬೇಕು. ಇದನ್ನು ಅರಳುವ ಮುನ್ನವೇ ಗುರುತಿಸುವುದು ಅಗತ್ಯ. ಹೂ ತುಂಬಿದ ಮೇಲೆ ಕೀಟನಾಶಕವನ್ನು ಸಿಂಪಡಿಸಿದರೆ ಪರಾಗವನ್ನು ಒಯ್ಯುವ ನೊಣ, ಜೇನುಗಳೂ ಸಾಯುತ್ತವೆ. ಮಾವಿಗೆ ನೊಣಗಳ ಉಪಕಾರ ಎಷ್ಟೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಇಷ್ಟರಲ್ಲಿ ಕೋಗಿಲೆ ದನಿಯೆತ್ತಿರುತ್ತದೆ. ಅದು ಎಲ್ಲಿಂದಲೋ ಹಾರಿ ಬಂದಿತೆಂದು ಭಾವಿಸುವವರುಂಟು. ವಾಸ್ತವವಾಗಿ ಅದು ಚಳಿಗಾಲದಲ್ಲಿಯೂ ಇದೇ ಮರಗಳಲ್ಲಿ ಮೌನವಾಗಿ ಕುಳಿತಿತ್ತು. ಕಾಗೆಗಳು ಗೂಡು ಕಟ್ಟುವ ಕಾಲ ಹತ್ತಿರವಾಗಿದೆ. ಆ ಗೂಡಿನಲ್ಲಿ ಮೊಟ್ಟೆಯಿಡಬೇಕಾದ ಹೆಣ್ಣನ್ನು ಗಂಡು ಈಗ ಕೂಗಿ ಕರೆಯುತ್ತಿದೆ.