ನೀರಿನ ಹಂತಿ ಸಾಲು ತಪ್ಪದೆ ನಡೆಯುವುದು ಹೇಗೆ?

ಹಿಂಗಾರಿ ಹಂಗಾಮು. ಸವದತ್ತಿ ಸೀಮೆಯ ಸಿರಸಂಗಿಯ ಆಸುಪಾಸಿನಂಥ ಎರಿ ಹೊಲಗಳಲ್ಲಿ ಕಡಲೆಯೋ ಗೋದಿಯೋ ಗೇಣುದ್ದ ಬೆಳೆದು ನಿಂತಿರುತ್ತದೆ. ಬೋರಿನ ನೀರು ಇದ್ದವರು ತುಂತುರು ನೀರಾವರಿಯ ಪೈಪು ಹಾಸಿರುತ್ತಾರೆ. ಒಂದು ಸಾಲಿಗೆ ಸಾಕಷ್ಟು ನೀರುಂಡ ಮೇಲೆ ಪಂಪು ನಿಲ್ಲುತ್ತದೆ. ಆಗ ಮನೆಮಂದಿಯೆಲ್ಲ ಕೆಸರಿಗೆ ಇಳಿದು, ಒಂದೊಂದೇ ಪೈಪಿನ ಕೊಂಡಿ ಬಿಚ್ಚಿ, ಹೆಗಲ ಮೇಲೆ ಹೊತ್ತು, ಮುಂದಿನ ಸಾಲಿಗೆ ಒಯ್ದು ಮತ್ತೆ ಜೋಡಿಸಬೇಕು. ಶಾಲೆಗೆ ರಜೆಯಿದ್ದರೆ ಮಕ್ಕಳಿಗೂ ಈ ಕೆಲಸ ತಪ್ಪಿದ್ದಲ್ಲ. ಅಂಥ ಹೊತ್ತಿನಲ್ಲಿ ಬದುವಿನ ಮೇಲೆ ನಿಂತ ಹಿರಿಯರ ಕೂಗು ಕೇಳಿಬರುವುದುಂಟು.

“ಏ ತಮ್ಮಾ, ಆ ಕಡೀ ಪೈಪು ಇನ್ನೊಂದು ಮಾರು ಮುಂದ ತೊಗೋ. ಸಾಲು ಸೊಟ್ಟ ಆಗೇತಿ ನೋಡು!”

ಸಾಲು ಸೊಟ್ಟವಾದರೆ ಏನಾಯಿತು, ನೀರು ಹೇಗೂ ಬೀಳುತ್ತದಲ್ಲ ಎಂದು ಹುಡುಗರಿಗೆ ಅನ್ನಿಸಬಹುದು. ಆದರೆ ಹಿರಿಯರ ಮಾತಿನಲ್ಲಿ ಲೆಕ್ಕವಿದೆ. ಸಾಮಾನ್ಯವಾಗಿ ತುಂತುರು ತಲೆಗಳನ್ನು 12 ಮೀಟರಿಗೊಂದರಂತೆ ನಿಲ್ಲಿಸಿ, ಸಾಲನ್ನೂ 12 ಮೀಟರು ಮುಂದಕ್ಕೆ ಸರಿಸುತ್ತಾರೆ. ಒಂದು ತಲೆ ಎರಚಿದ ನೀರು ಪಕ್ಕದ್ದರ ನೀರಿನೊಡನೆ ಬೆರೆತಾಗಲೇ ನೆಲ ಸಮನಾಗಿ ತೊಯ್ಯುತ್ತದೆ. ಸಾಲಿನ ಒಂದು ತುದಿ 12 ಮೀಟರು, ಇನ್ನೊಂದು ತುದಿ 18 ಮೀಟರು ಸರಿದರೆ ನಡುವೆ ಒಣ ಪಟ್ಟಿ ಉಳಿಯುತ್ತದೆ. ಕಡಿಮೆ ಸರಿದರೆ ಅದೇ ಜಾಗಕ್ಕೆ ಎರಡು ಪಾಲು ನೀರು. ಎರಿ ಮಣ್ಣಿನಲ್ಲಿ ಹೆಚ್ಚಾದ ನೀರು ಬೇಗ ಇಂಗುವುದಿಲ್ಲ. ನೀರು ಹೆಚ್ಚಾಗಿ ಭೂಮಿ ಸವಳು-ಜವಳಾದ ಕತೆ ಮಲಪ್ರಭಾ ಅಚ್ಚುಕಟ್ಟಿನ ರೈತರಿಗೆ ಹೊಸದೇನಲ್ಲ.

ಹಾಗಾದರೆ ಬದುವಿನ ಮೇಲೆ ನಿಂತು ಕೂಗುವವರೇ ಇಲ್ಲದೆ, ನಾಲ್ಕುನೂರು ಮೀಟರು ಉದ್ದದ ಪೈಪೊಂದು ತಾನಾಗಿಯೇ ಹೊಲದಲ್ಲಿ ನಡೆಯುತ್ತ, ಹಗಲಿರುಳು ನೀರುಣಿಸುತ್ತ, ಸಾಲು ತಪ್ಪದೆ ಸಾಗಬಲ್ಲುದೆ? ಸಾಗಬಲ್ಲುದು. ಅದರ ಗುಟ್ಟು ಇಂದಿನ ವಿದ್ಯಾರ್ಥಿಗಳು ತಿಳಿಯಬೇಕಾದ ಸಂಗತಿ.

ಪೈಪು ಹೊರುವುದನ್ನು ನೋಡಿದ ರೈತ

1947ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಫ್ರ್ಯಾಂಕ್ ಝೈಬಾಕ್ ಎಂಬ ರೈತ ತುಂತುರು ನೀರಾವರಿಯ ಪ್ರಾತ್ಯಕ್ಷಿಕೆಯೊಂದನ್ನು ನೋಡಲು ಹೋಗಿದ್ದ. ಅಲ್ಲಿ ಕಂಡದ್ದು ನಮ್ಮ ಹೊಲಗಳಲ್ಲಿ ಇಂದಿಗೂ ಕಾಣುವ ದೃಶ್ಯವೇ. ಆಳುಗಳು ಪೈಪು ಬಿಚ್ಚುವುದು, ಹೊರುವುದು, ಮತ್ತೆ ಜೋಡಿಸುವುದು. ಇದನ್ನು ಯಂತ್ರವೇ ಮಾಡಬಾರದೇಕೆ ಎಂಬ ಯೋಚನೆ ಅವನ ತಲೆಹೊಕ್ಕಿತು. ಗಾಲಿಗಳುಳ್ಳ ಗೋಪುರಗಳ ಮೇಲೆ ಪೈಪನ್ನು ಏರಿಸಿ, ಒಂದು ತುದಿಯನ್ನು ಹೊಲದ ನಡುವೆ ನೆಟ್ಟು, ಉಳಿದದ್ದೆಲ್ಲ ಅದರ ಸುತ್ತ ತಿರುಗುವಂತೆ ಮಾಡಿದ. 1952ರಲ್ಲಿ ಪೇಟೆಂಟ್ ಸಿಕ್ಕಿತು. 1954ರಲ್ಲಿ ನೆಬ್ರಾಸ್ಕ ರಾಜ್ಯದ ಕಾರ್ಖಾನೆಯೊಂದು ಇದರ ತಯಾರಿಕೆಯ ಹಕ್ಕು ಪಡೆಯಿತು. ಇಂದು ‘ಸೆಂಟರ್ ಪಿವಟ್’ ಎಂದು ಹೆಸರಾದ ಯಂತ್ರ ಇದೇ. ಅಮೆರಿಕದ ಬಯಲಿನ ಮೇಲೆ ವಿಮಾನದಲ್ಲಿ ಹಾದುಹೋಗುವವರಿಗೆ ಕೆಳಗೆ ಹಸಿರು ರೊಟ್ಟಿ ಹರವಿದಂತೆ ದುಂಡು ದುಂಡು ಹೊಲಗಳು ಕಾಣುವುದು ಈ ಯಂತ್ರದಿಂದಲೇ.

ಝೈಬಾಕ್ ಮೊದಲು ಗಾಲಿಗಳನ್ನು ತಿರುಗಿಸಿದ್ದು ಪೈಪಿನೊಳಗಿನ ನೀರಿನ ಒತ್ತಡದಿಂದ. ಮುಂದೆ ಪ್ರತಿ ಗೋಪುರಕ್ಕೂ ಒಂದೊಂದು ವಿದ್ಯುತ್ ಮೋಟಾರು ಬಂತು. ಆದರೆ ಗಾಲಿ ತಿರುಗಿಸುವುದಕ್ಕಿಂತ ಕಠಿಣವಾದ ಪ್ರಶ್ನೆ ಬೇರೆಯೇ ಇತ್ತು. ಅಷ್ಟೂ ಗೋಪುರಗಳನ್ನು ಒಂದೇ ಸಾಲಿನಲ್ಲಿ ನಡೆಸುವುದು ಹೇಗೆ?

ಕಣದ ಹಂತಿಯೇ ಪಾಠ

ಈ ಪ್ರಶ್ನೆಯ ತೊಡಕು ನಮ್ಮ ಅಜ್ಜಂದಿರಿಗೆ ಚೆನ್ನಾಗಿ ಗೊತ್ತಿತ್ತು. ರಾಶಿ ಮಾಡುವ ಯಂತ್ರ ಬರುವ ಮೊದಲು ಕಣದ ನಡುವೆ ಮೇಟಿ ನೆಟ್ಟು, ನಾಲ್ಕಾರು ಎತ್ತುಗಳನ್ನು ಒಂದರ ಪಕ್ಕ ಒಂದು ಕಟ್ಟಿ ತೆನೆಗಳ ಮೇಲೆ ಸುತ್ತಿಸುತ್ತಿದ್ದರು. ಅದಕ್ಕೆ ಹಂತಿ ಎಂದು ಹೆಸರು. ರಾತ್ರಿಯಿಡೀ ಹಂತಿ ಹೊಡೆಯುವಾಗ ಹಾಡುತ್ತಿದ್ದ ಹಂತಿ ಪದಗಳು ಉತ್ತರ ಕರ್ನಾಟಕದ ಜಾನಪದದಲ್ಲಿ ಹೆಸರಾಗಿವೆ. ಮೇಟಿಯ ಪಕ್ಕದ ಎತ್ತು ನಿಂತಲ್ಲೇ ತಿರುಗಿದಂತೆ ಮೆಲ್ಲಗೆ ನಡೆದರೆ ಸಾಕು. ಹೊರಗಿನ ಎತ್ತು ಮಾತ್ರ ಬಿರಬಿರನೆ ಹೆಜ್ಜೆ ಹಾಕಬೇಕು. ಒಳಗಿನದು ಅವಸರಪಟ್ಟರೂ ಹೊರಗಿನದು ಸೋಮಾರಿಯಾದರೂ ಸಾಲು ಮುರಿಯುತ್ತದೆ.

ಸೆಂಟರ್ ಪಿವಟ್ ಎಂದರೆ ನೀರಿನ ಹಂತಿ. ನಡುವಿನ ಕಂಬವೇ ಮೇಟಿ, ಗೋಪುರಗಳೇ ಎತ್ತುಗಳು. ಲೆಕ್ಕ ಹಾಕಿ ನೋಡಿ. ಐವತ್ತು ಮೀಟರಿಗೊಂದರಂತೆ ಎಂಟು ಗೋಪುರಗಳಿವೆಯೆನ್ನಿ. ಮೊದಲ ಗೋಪುರ ಒಂದು ಸುತ್ತಿಗೆ ನಡೆಯಬೇಕಾದ್ದು ಸುಮಾರು 314 ಮೀಟರು. ಎಂಟನೆಯದು ಅದೇ ಹೊತ್ತಿನಲ್ಲಿ 2,513 ಮೀಟರು ನಡೆಯಬೇಕು. ನಿಮಿಷಕ್ಕೆ ಎರಡೂವರೆ ಮೀಟರು ಸಾಗಿದರೂ ಅದಕ್ಕೆ ಸುಮಾರು 17 ಗಂಟೆ ಬೇಕು. ನೀರಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಕೊನೆಯ ಐವತ್ತು ಮೀಟರು ಪೈಪು ನೀರುಣಿಸುವ ನೆಲ, ಮೊದಲ ಐವತ್ತು ಮೀಟರಿನದಕ್ಕಿಂತ 15 ಪಟ್ಟು ಹೆಚ್ಚು! ಹಾಗಾಗಿ ನಡುವಿನಿಂದ ಹೊರಗೆ ಹೋದಂತೆ ನೀರು ಚಿಮ್ಮುವ ರಂಧ್ರಗಳೂ ದೊಡ್ಡದಾಗುತ್ತ ಹೋಗುತ್ತವೆ. ಈ ಎರಡೂ ಲೆಕ್ಕಗಳಿಗೆ ಹೈಸ್ಕೂಲಿನಲ್ಲಿ ಕಲಿಯುವ ವೃತ್ತದ ಪರಿಧಿ, ವಿಸ್ತೀರ್ಣದ ಸೂತ್ರಗಳಷ್ಟೇ ಸಾಕು.

ಒಬ್ಬ ಮುಂದೆ, ಉಳಿದವರು ನೋಡಿ ಹಿಂದೆ

ಎಂಟು ಮೋಟಾರುಗಳಿಗೆ ಎಂಟು ಬೇರೆ ಬೇರೆ ವೇಗ ಕೊಟ್ಟರಾಯಿತಲ್ಲ ಎನ್ನಬಹುದು. ಆದರೆ ನೆಲ ಪುಸ್ತಕದ ಹಾಳೆಯಂತೆ ಸಪಾಟಾಗಿರುವುದಿಲ್ಲ. ಒಂದು ಗಾಲಿ ಕೆಸರಿನಲ್ಲಿ ಜಾರುತ್ತದೆ, ಇನ್ನೊಂದು ದಿಬ್ಬ ಏರುತ್ತದೆ. ಹಾಳೆಯ ಮೇಲಿನ ಲೆಕ್ಕ ಒಂದು ಸುತ್ತು ಮುಗಿಯುವುದರೊಳಗೆ ತಲೆಕೆಳಗಾಗುತ್ತದೆ.

ಆದ್ದರಿಂದ ಉಪಾಯ ಬೇರೆ. ಎಷ್ಟು ವೇಗವಾಗಿ ನಡೆಯಬೇಕೆಂದು ಹೇಳುವುದು ತುದಿಯ ಗೋಪುರಕ್ಕೆ ಮಾತ್ರ. ಟೈಮರನ್ನು ನೂರಕ್ಕೆ ಐವತ್ತು ಎಂದು ಇಟ್ಟರೆ ಅದರ ಮೋಟಾರು ನಿಮಿಷಕ್ಕೆ ಮೂವತ್ತು ಸೆಕೆಂಡು ಓಡಿ ಮೂವತ್ತು ಸೆಕೆಂಡು ನಿಲ್ಲುತ್ತದೆ. ಉಳಿದ ಗೋಪುರಗಳಿಗೆ ಟೈಮರ್ ಇಲ್ಲ. ಅವುಗಳ ತಲೆಯ ಮೇಲೆ, ಎರಡು ಪೈಪುಗಳು ಕೂಡುವಲ್ಲಿ, ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಹೊರಗಿನ ಪೈಪು ಮುಂದೆ ಹೋಗಿ ಅಲ್ಲಿ ಕೋನ ಮೂಡಿದೊಡನೆ ಒಂದು ಸರಳು ಸರಿದು ಸ್ವಿಚ್ಚನ್ನು ಒತ್ತುತ್ತದೆ. ಮೋಟಾರು ಓಡುತ್ತದೆ. ಗೋಪುರ ಸಾಲಿಗೆ ಬಂದು ಸೇರಿದೊಡನೆ ನಿಲ್ಲುತ್ತದೆ. ಅದು ನಡೆದದ್ದರಿಂದ ಅದರ ಒಳಗಿನ ಗೋಪುರದಲ್ಲಿ ಕೋನ ಮೂಡುತ್ತದೆ. ಈಗ ಅದರ ಸರದಿ. ಹೀಗೆ ಹೊರಗಿನಿಂದ ಒಳಗಿನವರೆಗೆ ಹೆಜ್ಜೆ ಹರಿದುಬರುತ್ತದೆ.

ಗಮನಿಸಿ, ಈ ಸಾಲು ಯಾವ ಗಳಿಗೆಯಲ್ಲೂ ಗೆರೆ ಎಳೆದಷ್ಟು ನೇರವಾಗಿರುವುದಿಲ್ಲ. ಸದಾ ಎಲ್ಲೋ ಒಂದು ಕಡೆ ತುಸು ಬಾಗಿಯೇ ಇರುತ್ತದೆ. ಆ ಬಾಗನ್ನೇ ನೋಡಿ ತಿದ್ದಿಕೊಳ್ಳುವುದರಿಂದ ಅದು ನೇರವೆನ್ನಿಸಿಕೊಳ್ಳುತ್ತದೆ. ತಪ್ಪನ್ನು ಅಳೆದು, ಆ ಅಳತೆಯಿಂದಲೇ ತಪ್ಪನ್ನು ಕಳೆಯುವ ಈ ತತ್ವಕ್ಕೆ ಎಂಜಿನಿಯರುಗಳು ‘ಫೀಡ್‌ಬ್ಯಾಕ್’ ಎನ್ನುತ್ತಾರೆ. ಮನೆಯ ಫ್ರಿಜ್ಜಿನಿಂದ ಹಿಡಿದು ರಾಕೆಟ್ಟಿನವರೆಗೆ ಇದೇ ತತ್ವ ಕೆಲಸ ಮಾಡುತ್ತದೆ.

ಮೇಟಿಯೇ ಇಲ್ಲದೆ ಇಡೀ ಪೈಪು ಚೌಕಾಕಾರದ ಹೊಲದಲ್ಲಿ ನೇರವಾಗಿ ಮುಂದೆ ಸಾಗುವ ಯಂತ್ರಗಳೂ ಇವೆ. ಅವುಗಳಿಗೆ ಗೋಪುರಗಳು ಒಂದಕ್ಕೊಂದು ಸಾಲಾಗಿದ್ದರೆ ಸಾಲದು, ದಿಕ್ಕೂ ತಪ್ಪಬಾರದು. ಅದಕ್ಕಾಗಿ ನೆಲದಲ್ಲಿ ಹೂತ ತಂತಿಯನ್ನೋ, ಮೊದಲೇ ಹೊಡೆದ ಸಾಲನ್ನೋ, ಉಪಗ್ರಹದ ಸಂಕೇತವನ್ನೋ ಹಿಡಿದು ನಡೆಯುತ್ತವೆ. ಕೂರಿಗೆ ಹಿಡಿದ ರೈತ ದೂರದ ಒಂದು ಗಿಡದ ಮೇಲೆ ಕಣ್ಣು ನೆಟ್ಟು ಎತ್ತು ಹೊಡೆಯುವುದಿಲ್ಲವೆ, ಹಾಗೆ.

ಫ್ಯೂಜಿಗೆ ದಪ್ಪ ತಂತಿ

ಗಾಲಿ ಕೆಸರಿನಲ್ಲಿ ಹೂತು, ಮೋಟಾರು ಎಷ್ಟು ತಿರುಗಿದರೂ ಗೋಪುರ ಕದಲದಿದ್ದರೆ? ಅದಕ್ಕೂ ಏರ್ಪಾಡಿದೆ. ಕೋನ ಮಿತಿ ಮೀರಿದರೆ ಎರಡನೆಯ ಸ್ವಿಚ್ಚು ಇಡೀ ಯಂತ್ರವನ್ನೇ ನಿಲ್ಲಿಸಿಬಿಡುತ್ತದೆ. ಇದು ಸುರಕ್ಷೆಯ ಸ್ವಿಚ್ಚು. ಮನೆಯಲ್ಲಿ ಫ್ಯೂಜು ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವವರನ್ನು ನಾವೆಲ್ಲ ಕಂಡಿದ್ದೇವೆ. ಈ ಸ್ವಿಚ್ಚಿಗೂ ಹಾಗೆ ತಂತಿ ಸುತ್ತಿ ಯಂತ್ರ ಓಡಿಸಿದರೆ ಹೂತ ಗೋಪುರ ಅಲ್ಲೇ ಉಳಿದು, ಪಕ್ಕದ್ದು ಮುಂದೆ ಎಳೆದು, ನೀರು ತುಂಬಿದ ಭಾರದ ಪೈಪು ತಿರುಚಿ ನೆಲಕ್ಕೆ ಉರುಳುತ್ತದೆ. ಯಂತ್ರ ನಿಂತಾಗ ಮೊದಲು ಕೇಳಬೇಕಾದ್ದು “ಹೇಗೆ ಓಡಿಸಲಿ” ಎಂದಲ್ಲ, “ಏಕೆ ನಿಂತಿತು” ಎಂದು.

ಕಾರಣಗಳು ಬಹಳ ಸಲ ಸಣ್ಣವೇ. ಒಂದು ಟೈರಿಗೆ ಗಾಳಿ ಕಡಿಮೆ, ಗೇರು ಪೆಟ್ಟಿಗೆಯಲ್ಲಿ ನೀರು ಸೇರಿದೆ, ಸ್ವಿಚ್ಚಿನ ಸರಳಿನ ನಟ್ಟು ಸಡಿಲಾಗಿದೆ, ಗಾಲಿಯ ಜಾಡು ಆಳವಾಗಿದೆ. ತೊಯ್ದರೆ ಅಂಟಿಕೊಂಡು ಒಣಗಿದರೆ ಬಿರಿಯುವ ಎರಿ ಮಣ್ಣಿನಲ್ಲಂತೂ ಜಾಡಿನ ಕಾಟ ಹೆಚ್ಚು. ಯಾವ ಗೋಪುರ ಯಾವಾಗಲೂ ಹಿಂದೆ ಅಥವಾ ಮುಂದೆ ಇರುತ್ತದೆಂದು ತುದಿಯಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿ, ಅದರ ನಟ್ಟನ್ನು ತುಸು ತಿರುಗಿಸಿ ಸರಿಮಾಡುತ್ತಾರೆ. ಅದಕ್ಕೂ ಮೊದಲು ವಿದ್ಯುತ್ತನ್ನು ಪೂರ್ತಿ ಕಡಿಯಬೇಕು. ನೀರು, ಕಬ್ಬಿಣ, ಕರೆಂಟು ಮೂರೂ ಕೂಡಿದ ಜಾಗವದು. ಬಡಿಗರು, ಕಮ್ಮಾರರು ನಡೆದುಕೊಳ್ಳುವ ಕಾಳಿಕಾದೇವಿಯ ಊರು ಸಿರಸಂಗಿ. ಚಕ್ಕಡಿಯ ಅಚ್ಚು ಒಂದು ಬೆರಳು ಸೊಟ್ಟವಾದರೆ ಎತ್ತಿನ ಹೆಗಲಿಗೆ ಏನಾಗುತ್ತದೆಂದು ಆ ಊರಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ನಮಗೆ ಇದು ಬೇಕೆ?

ನಾಲ್ಕುನೂರು ಮೀಟರಿನ ಯಂತ್ರ ಸುತ್ತುವುದು ಸುಮಾರು 50 ಹೆಕ್ಟೇರು. ಕರ್ನಾಟಕದಲ್ಲಿ ಒಬ್ಬ ರೈತನ ಸರಾಸರಿ ಹಿಡುವಳಿ ಒಂದೂವರೆ ಹೆಕ್ಟೇರಿಗಿಂತ ಕಡಿಮೆ. ಮೂವತ್ತಕ್ಕೂ ಹೆಚ್ಚು ಮನೆಗಳ ಬದು ಕಿತ್ತರೆ ಮಾತ್ರ ಆ ಯಂತ್ರ ಒಂದು ಸುತ್ತು ಬಂದೀತು! ಅಷ್ಟೇ ಅಲ್ಲ, ಸಾಲು ನೇರವಾಗಿದ್ದರೂ ನೀರಿನ ಲೆಕ್ಕ ಸೊಟ್ಟವಾಗಬಹುದು. ಇದೇ ಯಂತ್ರಗಳಿಂದ ಮರುಭೂಮಿಯಲ್ಲಿ ಗೋದಿ ಬೆಳೆದು ರಫ್ತು ಮಾಡಿದ ಸೌದಿ ಅರೇಬಿಯ, ಅಂತರ್ಜಲ ಬತ್ತತೊಡಗಿದ್ದರಿಂದ 2016ರ ಹೊತ್ತಿಗೆ ತನ್ನ ರೈತರಿಂದ ಗೋದಿ ಕೊಳ್ಳುವುದನ್ನೇ ನಿಲ್ಲಿಸಿತು.

ಆದರೆ ತತ್ವ ನಮ್ಮ ಚಿಕ್ಕ ಹೊಲಕ್ಕೂ ಸಲ್ಲುತ್ತದೆ. ಬದುವಿನ ಎರಡೂ ಕಡೆ 12 ಮೀಟರಿಗೊಂದು ಗೂಟ ನೆಟ್ಟು, ಅಳತೆಯ ಹಗ್ಗ ಇಟ್ಟುಕೊಂಡು ಪೈಪು ಸರಿಸಿದರೆ ಕೂಗುವ ಕೆಲಸ ತಪ್ಪುತ್ತದೆ, ನೀರೂ ಉಳಿಯುತ್ತದೆ. ಪೈಪು ಹೊತ್ತು ಬೇಸತ್ತ ಹುಡುಗಿಯೋ ಹುಡುಗನೋ “ಇದಕ್ಕೊಂದು ಗಾಲಿ ಹಚ್ಚಿದರೆ?” ಎಂದು ಕೇಳಿದಾಗ ತಂದೆತಾಯಿ ಗದರಬಾರದು. ಝೈಬಾಕ್ ಕೇಳಿದ್ದೂ ಅದನ್ನೇ. ಕೃಷಿ ಎಂಜಿನಿಯರಿಂಗ್ ಕಲಿಯಲು ರಾಯಚೂರಿನಲ್ಲಿ ಕಾಲೇಜಿದೆ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವೂ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆಯೂ ಇವೆ. ತನ್ನ ಆಸ್ತಿಯನ್ನು ಮಕ್ಕಳ ವಿದ್ಯೆಗೆಂದು ಬರೆದಿಟ್ಟು 1906ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯಿಯವರ ಊರಿನ ಸೀಮೆಯಲ್ಲಿ ಓದಿನ ಬೆಲೆ ಹೇಳಿಕೊಡಬೇಕಿಲ್ಲ.

ಆಡಿ ನೋಡಿ

ಶಾಲೆಯ ಬಯಲಿನಲ್ಲಿ ಒಬ್ಬರನ್ನು ಮೇಟಿಯಾಗಿ ನಿಲ್ಲಿಸಿ. ಪಕ್ಕದಲ್ಲಿ ಎಂಟು ಜನ ಎರಡೆರಡು ಮಾರು ಅಂತರದಲ್ಲಿ ಸಾಲಾಗಿ ನಿಲ್ಲಿ. ತುದಿಯವರು ಮಾತ್ರ ತಮ್ಮ ಇಷ್ಟದಂತೆ ಹೆಜ್ಜೆ ಹಾಕಲಿ. ಉಳಿದವರು ತಮ್ಮ ಎಡಬಲದ ಇಬ್ಬರನ್ನು ನೋಡಿ, ಅವರ ನಡುವಿನ ಗೆರೆಗಿಂತ ತಾವು ಹಿಂದಿದ್ದರೆ ಮಾತ್ರ ಒಂದು ಹೆಜ್ಜೆ ಇಡಲಿ. ಯಾರಾದರೂ ಎರಡು ಹೆಜ್ಜೆ ಹಿಂದೆ ಬಿದ್ದರೆ “ನಿಲ್ಲಿ!” ಎಂದು ಕೂಗಲಿ, ಎಲ್ಲರೂ ನಿಲ್ಲಲಿ. ಒಂದು ಸುತ್ತು ಮುಗಿದ ಮೇಲೆ ಯಾರು ಎಷ್ಟು ಹೆಜ್ಜೆ ಹಾಕಿದರೆಂದು ಬರೆದುಕೊಳ್ಳಿ. ಆಮೇಲೆ ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಇನ್ನೊಂದು ಸುತ್ತು ಬನ್ನಿ. ಒಂದು ಸ್ವಿಚ್ಚು ಕೆಟ್ಟರೆ ಇಡೀ ಸಾಲಿಗೆ ಏನಾಗುತ್ತದೆಂದು ಆಗ ತಾನಾಗಿಯೇ ತಿಳಿಯುತ್ತದೆ.